ಟಿಪ್ಸಣ್ಣನ ಮರೆವು

ಔಷಧಿ ಅಂಗಡಿಯ ಟಿಪ್ಸಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಬಿಕ್ಕಳಿಕೆ ನಿಲ್ಲಿಸುವುದು ಹೇಗೆ, ಶೂಗಳ ವಾಸನೆ ಹೋಗಲು ಒಳಗೆ ಏನಿಡಬೇಕು, ಎದ್ದ ಕೂಡಲೇ ಫೋನು ನೋಡಿದರೆ ತಲೆಗೆ ಏನಾಗುತ್ತದೆ, ಎದುರಿನವರಿಗೆ ನೋವಾಗದಂತೆ 'ಇಲ್ಲ' ಅನ್ನುವುದು ಹೇಗೆ, ಇವೆಲ್ಲ ಅವನ ನಾಲಗೆಯ ತುದಿಯಲ್ಲೇ ಇರುತ್ತಿದ್ದವು. ಕೆಮ್ಮಿನ ಔಷಧಿಗೆ ಬಂದವರಿಗೆ ಬಾಟಲಿಯ ಜೊತೆಗೆ ದಿಂಬು ಎಷ್ಟು ಎತ್ತರ ಇರಬೇಕೆಂಬ ಬುದ್ಧಿಮಾತನ್ನೂ ಪುಕ್ಕಟೆ ಕಟ್ಟಿಕೊಡುತ್ತಿದ್ದ. ಬೇಡ ಅಂದರೂ ಬಿಡುವ ಆಸಾಮಿಯಲ್ಲ. ಕೊನೆಗೆ ಜನ ಬಾಟಲಿ ಕೈಗೆ ಬಂದ ಕೂಡಲೇ ಓಟ ಕೀಳುವುದನ್ನು ಕಲಿತಿದ್ದರು.

ಊರಿಗೆಲ್ಲ ಹೇಳಿ ತಾನು ಮಾತ್ರ ಕೈಕಟ್ಟಿ ಕೂರುವ ಪೈಕಿಯವನೂ ಅಲ್ಲ ಅವನು. ಪೇಪರಿನಲ್ಲಿ, ಫೋನಿನಲ್ಲಿ, ದಂತವೈದ್ಯರ ಗೋಡೆಯ ಮೇಲೆ, ಎಲ್ಲಿ ಒಂದು ಒಳ್ಳೆಯ ಮಾತು ಕಂಡರೂ ಬರೆದುಕೊಂಡು ಬಂದು ಮೊದಲು ತನ್ನ ಮೇಲೇ ಪ್ರಯೋಗ ಮಾಡುತ್ತಿದ್ದ. ಅದಕ್ಕೆಂದೇ ಒಂದು ದಪ್ಪ ನೋಟ್‌ಬುಕ್ಕು. ಐವತ್ತಾರನೇ ವಯಸ್ಸಿನಲ್ಲಿ, ಮಿದುಳಿಗೆ ಒಳ್ಳೆಯದೆಂದು, ಎಡಗೈಯಲ್ಲಿ ಹಲ್ಲುಜ್ಜುವುದನ್ನು ಕಲಿತ. ಮೂರು ದಿನ ಅಂಗಿಯ ಮೇಲೆಲ್ಲ ಪೇಸ್ಟು. ಮದುವೆಯಾಗಿ ಬೇರೆ ಊರಲ್ಲಿರುವ ಮಗಳು ಭಾನುವಾರ ಫೋನು ಮಾಡಿದಾಗ ನಗುತ್ತಿದ್ದಳು. "ಅಪ್ಪಾ, ಹೀಗೆ ತಿದ್ದಿ ತಿದ್ದಿ ಕೊನೆಗೆ ನಿನ್ನಲ್ಲಿ ನೀನೇ ಉಳಿಯಲ್ಲ ನೋಡು!"

ಹೆಂಡತಿ ಮಾತ್ರ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅವಳು ಟೇಲರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೆ ಒಂದು ನಿಲುವುಗನ್ನಡಿ. ಅಳತೆಯ ಪುಸ್ತಕ ಅನ್ನುವುದು ಅವಳ ಹತ್ತಿರ ಇರಲೇ ಇಲ್ಲ. ಟೇಪು ಹಿಡಿದು ಒಂದು ಸಲ ಸುತ್ತಿದರೆ ಮುಗಿಯಿತು, ಎದೆ, ಸೊಂಟ, ತೋಳು, ಕತ್ತು ಎಲ್ಲ ತಲೆಯೊಳಗೆ ಹೋಗಿ ಕೂರುತ್ತಿದ್ದವು. ಆರು ತಿಂಗಳ ಮೇಲೆ ಅದೇ ಗಿರಾಕಿ ಬಾಗಿಲಲ್ಲಿ ನಿಂತರೆ, "ಸೊಂಟ ಒಂದಿಂಚು ಜಾಸ್ತಿ ಆಗಿದೆಯಲ್ಲ, ನೆಮ್ಮದಿಯಾಗಿದ್ದೀರಿ ಅಂತಾಯ್ತು" ಎಂದು ಒಳಗಿಂದಲೇ ಹೇಳುವವಳು. ಗಂಡನ ನೋಟ್‌ಬುಕ್ಕು ಕಂಡಾಗಲೆಲ್ಲ ಅವಳದು ಒಂದೇ ಮಾತು: "ಬರ್ಕೊಳ್ಳೋದು ಮರೆಯೋರ ಕೆಲಸ ರೀ."

ಆ ಮಾತು ಟಿಪ್ಸಣ್ಣನಿಗೆ ಚುಚ್ಚುತ್ತಿತ್ತು. ಕಾರಣ ಅವನ ಅಪ್ಪ. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವನು, ಊರಿನ ಪ್ರತಿ ಮನೆಯ ನಂಬರೂ ಬಾಯಿಪಾಠ. ಅಂಥವನು ಕೊನೆಯ ನಾಲ್ಕು ವರ್ಷ ತನ್ನದೇ ಮನೆಯ ಬಾಗಿಲನ್ನು ಹುಡುಕಿದ. ಒಂದು ಬೆಳಿಗ್ಗೆ ಮಗನನ್ನು ನೋಡಿ, "ತಾವು ಯಾರ ಕಡೆಯವರು?" ಎಂದು ಕೇಳಿದ. ಬೈದಿದ್ದರೂ ಸಹಿಸಬಹುದಿತ್ತು, ಆ ಮರ್ಯಾದೆಯನ್ನು ಸಹಿಸಲಾಗಲಿಲ್ಲ. ಟಿಪ್ಸಣ್ಣನ ಎಲ್ಲ ಟಿಪ್ಸುಗಳ ತಳದಲ್ಲಿ ಇದ್ದದ್ದು ಈ ಹೆದರಿಕೆಯೇ. ಜನ ಅದನ್ನು ಹುಚ್ಚು ಅಂದುಕೊಂಡರು.

ಹೆದರಲು ಅವನಿಗೆ ಇನ್ನೊಂದು ಕಾರಣವೂ ಇತ್ತು. ಅವನದು ಮರೆಯಬಾರದ ಕೆಲಸ. ಮೂವತ್ತು ವರ್ಷದಿಂದ ಅದೇ ಕೌಂಟರು. ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಗಳು, ಅವುಗಳಲ್ಲಿ ಅಣ್ಣತಮ್ಮಂದಿರ ಹಾಗೆ ಒಂದೇ ತರಹದ ಹೆಸರಿನ ಮಾತ್ರೆಗಳು. ಒಂದು ರಕ್ತದೊತ್ತಡಕ್ಕೆ, ಪಕ್ಕದ್ದು ಸಕ್ಕರೆ ಕಾಯಿಲೆಗೆ. ಕೈ ಒಂದು ಡ್ರಾ ಆಚೆ ಹೋದರೆ ಯಾರದೋ ಮನೆಯ ದೀಪ ಆರುತ್ತದೆ. ಅದಕ್ಕೇ ಅವನು ಒಂದು ಪದ್ಧತಿ ಮಾಡಿಕೊಂಡಿದ್ದ. ಡ್ರಾದಿಂದ ತೆಗೆಯುವಾಗ ಮಾತ್ರೆಯ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳುವುದು, ಕವರಿಗೆ ಹಾಕುವಾಗ ಇನ್ನೊಮ್ಮೆ. ಮಾತ್ರೆಗಳ ಸ್ಟ್ರಿಪ್ಪಿನಿಂದ ನಾಲ್ಕನ್ನೇ ಕತ್ತರಿಸಬೇಕಾದರೆ ಅವಧಿ ಮುಗಿಯುವ ತಾರೀಕು ಇರುವ ತುದಿಯನ್ನು ಅಂಗಡಿಯಲ್ಲೇ ಉಳಿಸಿಕೊಳ್ಳುವುದು. ಯಾವ ಡಾಕ್ಟರು ಎಷ್ಟೇ ಗೀಚಿದರೂ ಓದುತ್ತಿದ್ದ. ಕೌಂಟರಿನ ಇನ್ನೊಂದು ತುದಿಯಲ್ಲಿ ನಿಲ್ಲುವ ಫಾರ್ಮಸಿಸ್ಟ್ ಹೆಂಗಸು ಓದಿನಲ್ಲಿ ಅವನಿಗಿಂತ ಎಷ್ಟೋ ಮುಂದೆ, ಅವಳಿಗೆ 'ಡಿಗ್ರಿ ಮೇಡಂ' ಎಂದು ಅವನೇ ಹೆಸರಿಟ್ಟಿದ್ದ. ಅವಳೂ ಚೀಟಿ ಅರ್ಥವಾಗದಿದ್ದರೆ ಅವನ ಕಡೆಗೇ ಚಾಚುತ್ತಿದ್ದಳು. ಆಗ ಅವನ ಎದೆ ಒಂದಿಂಚು ಉಬ್ಬುತ್ತಿತ್ತು. ಸುಳ್ಳೇಕೆ ಹೇಳಬೇಕು, ಅವನ ಬದುಕಿನಲ್ಲಿ ಅವನಿಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ.

ಅಂಥವನ ಮನೆಯಲ್ಲಿ ಕಳೆದ ವರ್ಷದಿಂದ ವಸ್ತುಗಳು ಅಂಕೆ ತಪ್ಪಿದವು.

ಮೊದಲ ದಿನ ಗ್ಯಾಸ್ ಒಲೆ. ಮಧ್ಯಾಹ್ನ ಊಟಕ್ಕೆಂದು ಒಂದೂವರೆಗೆ ಮನೆಗೆ ಬಂದರೆ ಖಾಲಿ ಪಾತ್ರೆಯ ಕೆಳಗೆ ಒಲೆ ಉರಿಯುತ್ತಿದೆ, ಪಾತ್ರೆಯ ತಳ ಕಪ್ಪಾಗಿದೆ. ಹೆಂಡತಿ ಮುಂದಿನ ಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದಳು.

"ಏನೇ ಇದು? ನಾನಾ ಹಚ್ಚಿಟ್ಟಿದ್ದು?"

ಯಂತ್ರ ನಿಂತಿತು. ಆಮೇಲೆ, "ಬೆಳಿಗ್ಗೆ ಟೀ ಮಾಡಿದ್ದು ನೀವೇ ಅಲ್ವಾ?" ಅಂದಳು.

ಹೌದು, ಟೀ ಮಾಡಿದ್ದು ಅವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಕುಂಬಳಕಾಯಿ ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವ ಜಾತಿ. ನೋಟ್‌ಬುಕ್ಕನ್ನು ತಿರುವಿ ಹಾಕಿ ಹಿಂದಿನ ಪುಟದಲ್ಲಿ 'ತಪ್ಪುಗಳು' ಎಂದು ತಲೆಬರಹ ಬರೆದ. ಒಂದು: ಗ್ಯಾಸ್.

ಆಮೇಲೆ ಅದು ನಿಲ್ಲಲಿಲ್ಲ. ಮನೆಯ ಬೀಗದ ಕೈ ಮೊಳೆಯ ಮೇಲಿಲ್ಲ, ಎರಡು ದಿನ ಹುಡುಕಿದ ಮೇಲೆ ಹೆಂಡತಿಯ ಗುಂಡಿಗಳ ಡಬ್ಬದಲ್ಲಿ ಸಿಕ್ಕಿತು. ಟೆರೇಸಿನ ಟ್ಯಾಂಕಿನ ಮೋಟಾರು ಹಾಕಿದ್ದು ಹಾಕಿದ ಹಾಗೇ, ನೀರು ತುಂಬಿ ಮೆಟ್ಟಿಲಿಳಿದು ಬೀದಿಗೆ ಬಂತು. ಹಾಲಿನ ಪಾತ್ರೆ ಬಟ್ಟೆಯ ಕಪಾಟಿನಲ್ಲಿ. ಪಲ್ಯದಲ್ಲಿ ಉಪ್ಪೋ ಉಪ್ಪು. "ನನಗೇನೂ ಜಾಸ್ತಿ ಅನ್ನಿಸ್ತಿಲ್ವಲ್ಲ" ಎಂದು ಹೆಂಡತಿ ಅಂದಾಗ, ವಯಸ್ಸಾದಂತೆ ನಾಲಗೆಯ ರುಚಿ ಕೆಡುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಗಿ, ಅದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಂಡು ಕಣ್ಣುಮುಚ್ಚಿ ನುಂಗಿದ. ಪ್ರತಿ ಸಲವೂ ಅದೇ ಪ್ರಶ್ನೆ, "ನಾನಾ?" ಪ್ರತಿ ಸಲವೂ ಅದೇ ಉತ್ತರ, "ಮತ್ಯಾರು?" ಮೊದಮೊದಲು ಅವಳು ಹಾಗನ್ನುವಾಗ ತಡವರಿಸುತ್ತಿದ್ದಳು, ಆಮೇಲಾಮೇಲೆ ತಲೆಯೆತ್ತದೆ ಅನ್ನುತ್ತಿದ್ದಳು.

ಅವನು ಸುಮ್ಮನೆ ಕೂರುವವನಲ್ಲವಲ್ಲ! ಅಂಗಡಿಯ ಪದ್ಧತಿಯನ್ನು ಮನೆಗೆ ತಂದ. ಹೊರಡುವಾಗ "ಗ್ಯಾಸ್ ಆರಿಸಿದೆ, ಗ್ಯಾಸ್ ಆರಿಸಿದೆ, ಬೀಗ ಹಾಕಿದೆ, ಬೀಗ ಹಾಕಿದೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಮಹಡಿಯ ಮೇಲಿನ ಮುದುಕರು ಕಿಟಕಿಯಿಂದ, "ಸರಿ ಕಣಯ್ಯ, ನಮಗೂ ಗೊತ್ತಾಯ್ತು!" ಎಂದು ಕೂಗುತ್ತಿದ್ದರು. ಗೋಡೆಗಳ ಮೇಲೆಲ್ಲ ಚೀಟಿ ಅಂಟಿಸಿದ. ರಾತ್ರಿ ಹತ್ತು ಪದ ಬರೆದು, ಕಾಗದ ಮಡಚಿಟ್ಟು, ಬೆಳಿಗ್ಗೆ ಎಷ್ಟು ನೆನಪಿದೆ ನೋಡುವುದು ಅಂತ ಒಂದು ಅಭ್ಯಾಸ ಶುರುಮಾಡಿದ. ದಿನಾ ಒಂಬತ್ತು, ಇಲ್ಲವೇ ಹತ್ತಕ್ಕೆ ಹತ್ತು. ಅಷ್ಟಾದರೂ ಮನೆಯಲ್ಲಿ ಹಾಲಿನ ಪಾತ್ರೆ ಕಪಾಟು ಸೇರುವುದು ತಪ್ಪಲಿಲ್ಲ. ಕೊನೆಗೆ ಆ ಹೆದರಿಕೆ ಅಂಗಡಿಗೂ ಬಂತು. ಮೂವತ್ತು ವರ್ಷದಲ್ಲಿ ಒಂದು ತಪ್ಪು ಮಾಡದವನು ತಾನು ಕಟ್ಟಿದ ಪ್ರತಿ ಕವರನ್ನೂ ಡಿಗ್ರಿ ಮೇಡಂ ಕೈಗೆ ಕೊಟ್ಟು, "ಒಂಚೂರು ನೋಡಿಬಿಡಮ್ಮ" ಅನ್ನತೊಡಗಿದ. ಅವಳು ನೋಡಿ ನೋಡಿ ಸಾಕಾಗಿ, "ಎಲ್ಲಾ ಸರಿಯಾಗೇ ಇರುತ್ತಲ್ಲಣ್ಣ, ಯಾಕೆ ಹೀಗೆ ಹೆದರ್ತೀರಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ಅವನು ಮುಂದಿನ ಡ್ರಾ ಎಳೆದ.

ಆ ರಾತ್ರಿ ಯಜಮಾನರಿಗೆ ರಾಜೀನಾಮೆ ಬರೆದ. 'ಆರೋಗ್ಯದ ಕಾರಣದಿಂದ' ಎಂದು ಶುರುವಾಗುವ ನಾಲ್ಕು ಸಾಲು. ತಪ್ಪುಗಳು ಐವತ್ತಾದ ದಿನ ಕೊಟ್ಟುಬಿಡುವುದು ಎಂದು ತನಗೆ ತಾನೇ ಮಾತು ಕೊಟ್ಟುಕೊಂಡು ನೋಟ್‌ಬುಕ್ಕಿನೊಳಗೆ ಇಟ್ಟ. ಯಾರನ್ನಾದರೂ ಕೊಂದ ಮೇಲೆ ಬಿಡುವುದಕ್ಕಿಂತ ಮೊದಲೇ ಬಿಡುವುದು ಲೇಸು. ಹಾಗೆ ನೋಡಿದರೆ ಅದು ಮರ್ಯಾದಸ್ಥರ ಕೆಲಸವೇ. ಆದರೆ ಬರೆಯುವಾಗ ಅವನು ಅತ್ತ. ಹೆಂಡತಿಗೆ ಹೇಳಲಿಲ್ಲ, ಅವಳು ಹೆದರಿಕೊಂಡಾಳು ಎಂದು.

ತಪ್ಪುಗಳು ನಲವತ್ತು ದಾಟಿದಾಗ ಶರ್ಟಿನ ಗಲಾಟೆ ಶುರುವಾಯಿತು.

ವರ್ಷಕ್ಕೆ ಎರಡು ತೆಳು ನೀಲಿ ಶರ್ಟು ಹೆಂಡತಿ ಹೊಲಿದುಕೊಡುವುದು ರೂಢಿ. ಈ ಸಲ ಹೊಲಿದದ್ದನ್ನು ತೊಟ್ಟರೆ ಗುಂಡಿಗೂ ಕಾಜಾಕ್ಕೂ ನಡುವೆ ನಾಲ್ಕು ಬೆರಳು ಜಾಗ. ಕತ್ತಿನ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ.

"ಹೊಟ್ಟೆ ಬಿಟ್ಟಿದ್ದೀರಿ" ಅಂದಳು ಹೆಂಡತಿ.

ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ಬೆಳಗಿನ ನಡಿಗೆ, ಸಕ್ಕರೆ ಇಲ್ಲದ ಟೀ, ಸಂಜೆ ತಿಂಡಿಗೆ ಸೊನ್ನೆ, ಊಟಕ್ಕೆ ಸಣ್ಣ ತಟ್ಟೆ. ತಟ್ಟೆ ಸಣ್ಣದಾದರೆ ಕಣ್ಣು ಮೋಸ ಹೋಗಿ ಹೊಟ್ಟೆ ತುಂಬಿತು ಅಂದುಕೊಳ್ಳುತ್ತದಂತೆ. ಕಣ್ಣು ಮೋಸ ಹೋಯಿತು, ಹೊಟ್ಟೆ ಹೋಗಲಿಲ್ಲ, ದಿನವಿಡೀ ಗುರುಗುಟ್ಟಿತು. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದ. ಕೆನ್ನೆ ಒಳಗೆ ಹೋಯಿತು. "ಏನಣ್ಣ, ನಿಮಗೇ ಒಂದು ಟಾನಿಕ್ ಬೇಕೇನೋ" ಎಂದು ಗಿರಾಕಿಗಳು ಚುಡಾಯಿಸಿದರು. ಶರ್ಟು ಮಾತ್ರ ಜಗ್ಗಲಿಲ್ಲ. ಮುಂಚೆ ನಾಲ್ಕು ಬೆರಳಿದ್ದ ಜಾಗ ಮೂರು ಬೆರಳಾಯಿತು, ಅಷ್ಟೇ.

ಹೆಂಡತಿಗೆ ಬೇಸರವಾಗಬಾರದೆಂದು ಅವಳಿಗೆ ತಿಳಿಯದಂತೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪೇಟೆಯ ಮುದಿ ಟೇಲರ ಹತ್ತಿರ ಅದನ್ನು ಒಯ್ದ. ಕೋಟು ಹೊಲಿಯುವುದರಲ್ಲಿ ಹೆಸರಾದವನು. ಟಿಪ್ಸಣ್ಣನ ಹೆಂಡತಿಯ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಶರ್ಟನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಟೇಪು ಎಳೆದ. ಆಮೇಲೆ ಟಿಪ್ಸಣ್ಣನ ಮೈಗೂ ಎಳೆದ. ಇನ್ನೊಂದು ಸಲ ಎಳೆದ.

"ಹೊಲಿಗೆ ಬಿಡಿಸಿ ಸಡಿಲ ಮಾಡೋಕಾಗುತ್ತಾ?"

"ಎಲ್ಲಿಂದ ಬಿಡಿಸ್ಲಿ? ಇದರಲ್ಲಿ ತಪ್ಪೇ ಇಲ್ವಲ್ಲ ಸ್ವಾಮಿ" ಅಂದ ಮುದುಕ. "ಟೇಲರು ತಪ್ಪಿದ್ರೆ ಎಲ್ಲಾ ಕಡೆ ತಪ್ಪಬೇಕು. ತೋಳಿನುದ್ದ ನೋಡಿ, ನಿಮ್ಮದೇ. ಭುಜ ನಿಮ್ಮದೇ. ಹೊಲಿಗೆ ಒಂದು ನೂಲು ಆಚೀಚೆ ಇಲ್ಲ. ಎದೆ ಮಾತ್ರ ಮೂವತ್ನಾಲ್ಕು, ಕತ್ತು ಹದಿನಾಲ್ಕು. ಇದು ನಿಮಗೇ ಹೊಲಿದ ಶರ್ಟು, ಆದ್ರೆ ನೀವು ಮದುವೆಗೆ ಮುಂಚೆ ಇದ್ರಲ್ಲ, ಆಗಿನ ನಿಮಗೆ."

ಮೂವತ್ತನಾಲ್ಕು. ಆ ಸಂಖ್ಯೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಸಲ ಅವನೂ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿದ್ದೇ ಅವಳ ಅಪ್ಪನ ಅಂಗಡಿಯಲ್ಲಿ. ಅಪ್ಪ ಟೇಪು ಹಿಡಿದು ಅಳತೆ ಕೂಗಿದ್ದ, ಮಗಳು ಬರೆದುಕೊಳ್ಳದೆ ತಲೆಯಾಡಿಸಿದ್ದಳು. ಮದುವೆಯಾದ ಮೇಲೆ ಎಷ್ಟೋ ಸಲ ಗೇಲಿ ಮಾಡಿದ್ದಳು, "ಮೂವತ್ನಾಲ್ಕರ ಎದೆ ಇಟ್ಕೊಂಡು ಎಷ್ಟು ಧೈರ್ಯ ನಿಮಗೆ!" ಎಂದು.

ಮುದುಕ ಶರ್ಟು ಮಡಚುತ್ತ, ಅವನ ಮುಖ ನೋಡದೆ, "ಮನೇಲಿ ಅಕ್ಕ ಹುಷಾರಾಗಿದ್ದಾರಾ?" ಎಂದು ಮೆಲ್ಲಗೆ ಕೇಳಿದ.

ಟಿಪ್ಸಣ್ಣ ಮನೆಗೆ ಓಡಿದ ಅಂದರೂ ಆದೀತು. ಮುಂದಿನ ಕೋಣೆ ಖಾಲಿ, ಹೆಂಡತಿ ಬಟ್ಟೆ ತರಲು ಟೆರೇಸಿಗೆ ಹೋಗಿದ್ದಳು. ಏನು ಹುಡುಕುತ್ತಿದ್ದೇನೆಂದು ತಿಳಿಯದೆಯೇ ಹುಡುಕಿದ. ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ಚೀಲಗಳ ಹಿಂದೆ, ಹಳೆ ಹೊದಿಕೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದ. ಒಳಗೆ ಬೂದುಬಣ್ಣದ ಒಂದು ಕೋಟು. ಶಾಲೆಯ ಹೆಡ್ ಮೇಡಂ ಕೊಟ್ಟುಹೋದ ಬಟ್ಟೆ ಅದು. ಅವರಿಗೆ ಈ ಶನಿವಾರ ಬೀಳ್ಕೊಡುಗೆ. ಎತ್ತಿ ಹಿಡಿದು ನೋಡಿದ. ಎರಡೂ ತೋಳು ಎಡಗೈಯವು. ಬಟ್ಟೆ ಮಡಚಿ ಒಂದೇ ಸಲಕ್ಕೆ ಕತ್ತರಿಸಿದರೆ ಒಂದು ಎಡ ಒಂದು ಬಲ ಬರುತ್ತದೆ, ಬೇರೆ ಬೇರೆ ಕತ್ತರಿಸುವಾಗ ಬಟ್ಟೆ ತಿರುಗಿಸುವುದನ್ನು ಮರೆತರೆ ಹೀಗಾಗುತ್ತದೆ. ಮೊದಲ ವಾರ ಕಲಿಯಲು ಬಂದವರು ಮಾಡುವ ತಪ್ಪು ಎಂದು ಅವಳೇ ಹೇಳಿ ನಕ್ಕಿದ್ದಳು. ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿದ ಸೂಜಿಯ ತೂತುಗಳು ಕಂಕುಳ ಸುತ್ತಲೂ ಇದ್ದವು. ಬೇರೆ ತೋಳು ಕತ್ತರಿಸಲು ಬಟ್ಟೆ ಉಳಿದಿರಲಿಲ್ಲ.

ಕೋಟಿನ ಕೆಳಗೆ ಕಂದು ಕಾಗದದ ತುಂಡುಗಳು. ಅಂಗಿಯ ಮಾದರಿ ಕತ್ತರಿಸುವ ಕಾಗದ. ಅವುಗಳ ಮೇಲೆ, ಯಾವತ್ತೂ ಏನನ್ನೂ ಬರೆದುಕೊಳ್ಳದ ಹೆಂಡತಿಯ ಕೈಬರಹ. ಹತ್ತು ಪದ. ಕೆಳಗೆ ತಾರೀಕು, ಪಕ್ಕದಲ್ಲಿ ಎಷ್ಟು ನೆನಪಾಯಿತು ಎಂಬ ಅಂಕಿ. ಮೊದಲಿನವುಗಳಲ್ಲಿ ಎಂಟು, ಏಳು. ಆಮೇಲೆ ಐದು. ಹೋದ ವಾರದ್ದರಲ್ಲಿ ಮೂರು. ಅವನ ನೋಟ್‌ಬುಕ್ಕಿನ ಅಭ್ಯಾಸವನ್ನು ಅವಳು ಕದ್ದು ಮಾಡುತ್ತಿದ್ದಳು.

ಟಿಪ್ಸಣ್ಣ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತ. ನಿಧಾನವಾಗಿ ಲೆಕ್ಕ ಹೊಂದಿತು. ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಒಲೆ ಒಂದೂವರೆ ತನಕ ಉರಿದಿದ್ದರೆ ಪಾತ್ರೆ ಬರೀ ಕಪ್ಪಾಗುತ್ತಿತ್ತೇ? ಟ್ಯಾಂಕಿನ ನೀರು ಬೀದಿಗೆ ಬಂದದ್ದು ಅವನು ಅಂಗಡಿಗೆ ಹೋಗಿ ಎಷ್ಟೋ ಹೊತ್ತಾದ ಮೇಲೆ. ಗುಂಡಿಯ ಡಬ್ಬವನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ದೀಪದ ಬುಡದಲ್ಲೇ ಕತ್ತಲು. ಬರೆದುಕೊಂಡಿದ್ದ ನಲವತ್ತೇಳು ತಪ್ಪುಗಳಲ್ಲಿ ಒಂದೂ ಅವನದಲ್ಲ. ಅವನ ತಲೆಗೆ ಏನೂ ಆಗಿಲ್ಲ.

ಮತ್ತು ಅವನಿಗೆ ಖುಷಿಯಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೊದಲು ಆದದ್ದು ದುಃಖವಲ್ಲ, ಖುಷಿ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿಹೋಯಿತು. ನನಗಲ್ಲ, ನನಗಲ್ಲ ಎಂದು ಒಳಗೆ ಯಾರೋ ಕುಣಿದ ಹಾಗಾಯಿತು. ಬಾಯಿ ತಾನಾಗಿ ಅಗಲವಾಯಿತು. ಎದುರಿನ ನಿಲುವುಗನ್ನಡಿಯಲ್ಲಿ ನಗುವ ಮುಖ ಕಂಡಿತು, ಅದರ ಹಿಂದೆ ಬಾಗಿಲಲ್ಲಿ ಒಣಗಿದ ಬಟ್ಟೆಯ ಹೊರೆ ಹೊತ್ತು ನಿಂತಿದ್ದ ಹೆಂಡತಿಯ ಮುಖವೂ ಕಂಡಿತು.

ಅವಳು ಬಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. "ಸಿಕ್ತಾ?" ಅಂದಳು.

ಅವನು ಕೈಯಲ್ಲಿದ್ದ ಕಂದು ಕಾಗದಗಳನ್ನು ಮಡಚಿದ.

"ನಗ್ತಿದ್ರಿ."

"ಇಲ್ಲ ಕಣೇ..."

"ನಗ್ತಿದ್ರಿ. ನೋಡಿದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೂ ಹಾಗೇ ಆಗಿತ್ತು. ಮೊದಲ ದಿನ ನೀವು 'ನಾನಾ?' ಅಂತ ಕೇಳಿದ್ರಲ್ಲ, ಆಗ. ನನಗೆ ಗೊತ್ತಿತ್ತು ನಾನೇ ಅಂತ. ಆದ್ರೆ ನೀವು ನಿಮ್ಮ ಮೇಲೆ ಹಾಕ್ಕೊಂಡ ಕೂಡ್ಲೇ ಅಬ್ಬಾ ಅನ್ನಿಸ್ತು. ಇವರಿಗೇ ಇರ್ಬೇಕು, ನನಗಲ್ಲ ಅಂತ ಅರ್ಧ ನಂಬಿದೆ. ನೀವು ಆ ಪುಸ್ತಕದಲ್ಲಿ ಬರೀತಾ ಹೋದಷ್ಟೂ ನನಗೆ ಸಮಾಧಾನ."

"ನಾನು ಒಂದು ವರ್ಷ ನಿದ್ದೆ ಮಾಡಿಲ್ಲ!" ಎಂದು ಅವನು ಕೂಗಿದ. ಈಗ ಸಿಟ್ಟು ಬಂದಿತ್ತು, ಚೆನ್ನಾಗಿಯೇ ಬಂದಿತ್ತು. "ಕೆಲಸ ಬಿಡೋಕೆ ಕಾಗದ ಬರೆದಿಟ್ಟಿದ್ದೆ, ಗೊತ್ತಾ ನಿನಗೆ?"

"ಗೊತ್ತು. ಓದಿದೀನಿ."

"ಓದಿಯೂ ಸುಮ್ಮನಿದ್ಯಾ?"

"ಯಾವತ್ತು ಕೊಡ್ತೀರಿ ಅಂತ ಕಾಯ್ತಿದ್ದೆ." ಅವಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು. "ಬೆಳಿಗ್ಗೆ ನೀವು ಹೋದ್ರೆ ಬರೋದು ಒಂದೂವರೆಗೆ, ಮತ್ತೆ ನಾಲ್ಕಕ್ಕೆ ಹೋದ್ರೆ ಒಂಬತ್ತಕ್ಕೆ. ಅಷ್ಟು ಹೊತ್ತು ಈ ಮನೇಲಿ ನಾನೊಬ್ಬಳೇ. ಈಗ ತಾನೇ ನಾನು ಮಾಡಿದ್ದನ್ನ ನಾನೇ ನಂಬೋಕಾಗಲ್ಲ. ಯಾರನ್ನ ಕೇಳ್ಲಿ? ನೀವು ಕೆಲಸ ಬಿಟ್ಟು ಮನೇಲಿ ಕೂತ್ರೆ, ಕಾಯಿಲೆ ಯಾರಿಗಾದ್ರೂ ಇರ್ಲಿ, ಜೊತೇಲಿ ಒಬ್ಬರು ಇರ್ತಾರಲ್ಲ ಅಂತ."

ಅವನು ಕಣ್ಣೊರೆಸಿಕೊಂಡ. ಅವನ ಸ್ವಭಾವ ಎಲ್ಲಿ ಹೋದೀತು? ಬಾಯಿ ತಾನಾಗಿ ಶುರುವಾಯಿತು. "ನೋಡು, ಗಾಬರಿಯಾಗ್ಬೇಡ. ನಾಳೆನೇ ಡಾಕ್ಟರ ಹತ್ರ ಹೋಗೋಣ. ಇವತ್ತಿನಿಂದ ರಾತ್ರಿ ಎಂಟು ಗಂಟೆ ನಿದ್ದೆ, ಬೆಳಿಗ್ಗೆ ನನ್ನ ಜೊತೆ ನಡಿಗೆ, ಆಮೇಲೆ ಎಡಗೈಯಲ್ಲಿ..."

"ರೀ, ಅದೆಲ್ಲಾ ಮಾಡಿದ್ದಾಯ್ತು" ಅಂದಳು ಅವಳು. "ಹೆದರಿಕೆ ಆಗ್ತಿದೆ."

ಅದಕ್ಕೆ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಅವನು ಸ್ಟೂಲಿನಿಂದ ಇಳಿದು ಅವಳ ಪಕ್ಕ ನೆಲದ ಮೇಲೆ ಕೂತ. ನಾಲ್ಕು ಗಂಟೆ ದಾಟಿತು.

ಫೋನು ಬಡಿದುಕೊಂಡಿತು. ಡಿಗ್ರಿ ಮೇಡಂ. "ಅಣ್ಣಾ, ಎಲ್ಲಿದ್ದೀರಿ? ಸಿಕ್ಕಾಪಟ್ಟೆ ಜನ. ಒಂದು ಚೀಟಿ ಇದೆ, ಸುತಾರಾಂ ಓದೋಕಾಗ್ತಿಲ್ಲ, ಮಗು ಔಷಧಿ. ಬೇಗ ಬನ್ನಿ."

ಟಿಪ್ಸಣ್ಣನ ಕಾಲುಗಳು ಎದ್ದು ನಿಂತೇಬಿಟ್ಟಿದ್ದವು. ಎರಡು ಗಂಟೆ ಹಿಂದೆ ಆಗಿದ್ದರೆ ಆ ರಾಜೀನಾಮೆ ಕಾಗದ ತೆಗೆದುಕೊಂಡು ಹೋಗಿ ಯಜಮಾನರ ಮುಂದಿಟ್ಟು ಬರುತ್ತಿದ್ದ. ಕೆಟ್ಟಿದೆ ಅಂದುಕೊಂಡ ತಲೆಯನ್ನು ಕೊಡಲು ಅವನು ತಯಾರಿದ್ದ. ಒಳ್ಳೆಯ ತಲೆ ಕೈಗೆ ಮರಳಿ ಬಂದ ದಿನವೇ ಕೆಲಸ ಬಿಡು ಅಂದರೆ ಮನಸ್ಸು ಬರಲಿಲ್ಲ. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು, ಆದರೂ ಮನಸ್ಸು ಬರಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ನೋಡಿದ. ಅವಳು ನೆಲದ ಮೇಲೇ ಕೂತಿದ್ದಳು.

"ಬಾ, ನೀನೂ ಬಾ. ಅಲ್ಲೇ ಕೂತ್ಕೊಳ್ಳುವಂತೆ."

ಅವಳು ಎದ್ದು ಚಪ್ಪಲಿ ಮೆಟ್ಟಿದಳು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೌಂಟರಿನ ಒಳಗೆ, ಇಂಜೆಕ್ಷನ್ ಇಡುವ ಫ್ರಿಜ್ಜಿನ ಪಕ್ಕ ಒಂದು ಸ್ಟೂಲು ಹಾಕಿ ಅವಳನ್ನು ಕೂರಿಸಿದ. ಗಲ್ಲಾದಲ್ಲಿ ಕೂತಿದ್ದ ಯಜಮಾನರು, "ಏನಮ್ಮಾ, ಬಹಳ ಅಪರೂಪ!" ಅಂದರು. ಟಿಪ್ಸಣ್ಣ ಮಗುವಿನ ಚೀಟಿಯನ್ನು ಒಂದು ಸಲ ನೋಡಿ, ಔಷಧಿ ತೆಗೆದು, ಹೆಸರನ್ನು ಎರಡು ಸಲ ಹೇಳಿ ಕಟ್ಟಿದ. ಕವರನ್ನು ಡಿಗ್ರಿ ಮೇಡಂಗೆ ತೋರಿಸದೆ ನೇರ ಗಿರಾಕಿಗೇ ಕೊಟ್ಟ. ಅವಳು ಹುಬ್ಬೇರಿಸಿ ನೋಡಿ ನಕ್ಕಳು. ಒಂದು ಗಂಟೆ ಹಾಗೇ ಸಾಗಿತು, ಅವನು ಎಲ್ಲವನ್ನೂ ಮರೆತು ಹಿಂದಿನಂತೆ ಕೆಲಸ ಮಾಡಿದ. ಹೆಂಡತಿ ಕಾಗದದ ಕವರುಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸುತ್ತಿದ್ದಳು. ಹೀಗೇ ನಡೆಸಿಕೊಂಡು ಹೋಗಬಹುದೇನೋ ಎಂದು ಅವನಿಗೆ ಆಸೆಯೂ ಹುಟ್ಟಿತು.

ಆಗ ಹೆಡ್ ಮೇಡಂ ಬಂದರು. ಬಿ.ಪಿ. ಮಾತ್ರೆಗೆ. ಅರ್ಧ ಬೀದಿಗೆ ಅಕ್ಷರ ಕಲಿಸಿದವರು, ಅವರ ದನಿಗೆ ಅಂಗಡಿ ತಾನಾಗಿ ಸುಮ್ಮನಾಗುತ್ತಿತ್ತು.

"ಓಹೋ, ಇಲ್ಲೇ ಸಿಕ್ಕಿದ್ರಲ್ಲಮ್ಮ!" ಎಂದರು ಸ್ಟೂಲಿನ ಕಡೆ ನೋಡಿ. "ಮೂರು ಸಲ ಮನೆಗೆ ಬಂದು ಹೋದೆ. ಗುಂಡಿ ಒಂದೇ ಬಾಕಿ ಅಂತಿದ್ರಿ. ಎಲ್ಲಿಗೆ ಬಂತು ನನ್ನ ಕೋಟು? ನಾಡಿದ್ದು ಶನಿವಾರ."

ಹೆಂಡತಿ ತಲೆಯೆತ್ತಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ, ನಾಚಿಕೆಯಿರಲಿಲ್ಲ, ಏನೂ ಇರಲಿಲ್ಲ. ಬಹಳ ಮರ್ಯಾದೆಯಿಂದ, "ಯಾವ ಕೋಟು?" ಎಂದು ಕೇಳಿದಳು.

"ಯಾವ ಕೋಟು ಅಂದ್ರೆ?" ಹೆಡ್ ಮೇಡಂ ದನಿ ಏರಿತು. ಕ್ಯೂನಲ್ಲಿದ್ದವರು ಇಣುಕಿದರು. ಹೆಂಡತಿ ಒಬ್ಬೊಬ್ಬರ ಮುಖವನ್ನೇ ನೋಡಿ, ಕೊನೆಗೆ ಗಂಡನ ಕಡೆ ತಿರುಗಿದಳು. ಈಗ ಅವಳ ಕಣ್ಣಲ್ಲಿ ಭಯವಿತ್ತು. ಕೈಯಲ್ಲಿದ್ದ ಕವರುಗಳು ಜಾರಿ ನೆಲದ ಮೇಲೆ ಹರಡಿದವು.

"ಮೇಡಂ, ತಪ್ಪು ನನ್ನದು" ಅಂದ ಟಿಪ್ಸಣ್ಣ. ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿಯೇ ಬಂತು. "ಇವಳು ಹೊಲಿದು ಮುಗಿಸಿದ್ದಳು. ನಿಮಗೆ ತಲುಪಿಸಿ ಬರ್ತೀನಿ ಅಂತ ತಗೊಂಡು ಹೊರಟೋನು ನಾನು. ಬಸ್ಸಲ್ಲಿ ಬಿಟ್ಟೆನೋ, ಎಲ್ಲಿ ಬಿಟ್ಟೆನೋ, ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ನನ್ನ ಮಾನ ಉಳಿಸೋಕೆ ಪಾಪ ಇವಳು ಗೊತ್ತಿಲ್ಲ ಅಂತಿದ್ದಾಳೆ."

"ಅಲ್ರೀ, ಅಷ್ಟು ದೊಡ್ಡ ಕೋಟು! ಹೇಗೆ ಮರೆತ್ರಿ?"

"ಮರೆವು ಮೇಡಂ. ನನಗೆ ಒಂದು ವರ್ಷದಿಂದ ಮರೆವು ಜಾಸ್ತಿ ಆಗಿದೆ. ನಮ್ಮಪ್ಪನಿಗೂ ಇತ್ತು."

ಗಲ್ಲಾದಲ್ಲಿ ಯಜಮಾನರು ತಲೆ ಎತ್ತಿದರು. ಡಿಗ್ರಿ ಮೇಡಂ ಕೈಯಲ್ಲಿದ್ದ ಕತ್ತರಿ ನಿಂತಿತು. ಟಿಪ್ಸಣ್ಣ ಯಾರ ಕಡೆಗೂ ನೋಡದೆ ಬಗ್ಗಿ, ನೆಲದ ಮೇಲಿನ ಕವರುಗಳನ್ನು ಆಯ್ದು ಹೆಂಡತಿಯ ಮಡಿಲಿಗೆ ಹಾಕಿ, ಮುಂದಿನ ಗಿರಾಕಿಗೆ ಕೈ ಚಾಚಿದ. ಮುಂದೆ ನಿಂತಿದ್ದ ಮುದುಕ ಅವನ ಕೈಗೆ ಇಡಲು ಹೊರಟಿದ್ದ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು, ಒಂದು ಕ್ಷಣ ಯೋಚಿಸಿ, ಡಿಗ್ರಿ ಮೇಡಂ ಕಡೆಗೆ ಸರಿದು ನಿಂತ.